ಉತ್ತರ ಕರೇಲಿಯಾ: ಒಂದು ಪ್ರಾಂತ್ಯವೇ ರೋಗಿಯಾಗಿದ್ದಾಗ

1971ರ ಜನವರಿಯಲ್ಲಿ ಫಿನ್‌ಲ್ಯಾಂಡಿನ ಪೂರ್ವ ಗಡಿಯ ಉತ್ತರ ಕರೇಲಿಯಾ ಪ್ರಾಂತ್ಯದವರು ತಮ್ಮ ಸರ್ಕಾರಕ್ಕೆ ಒಂದು ಮನವಿ ಪತ್ರ ಕೊಟ್ಟರು. ಗವರ್ನರ್ ಎಸಾ ಟಿಮೊನೆನ್, ಆ ಭಾಗದ ಸಂಸದರು, ಸಂಘಸಂಸ್ಥೆಗಳ ಮುಂದಾಳುಗಳು ಅದಕ್ಕೆ ಸಹಿ ಹಾಕಿದ್ದರು. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ರಸ್ತೆ, ಸೇತುವೆ, ಕಾರ್ಖಾನೆಯ ಬೇಡಿಕೆ. ಇದರಲ್ಲಿದ್ದದ್ದು ಬೇರೆ. ನಮ್ಮ ಕಡೆಯ ಗಂಡಸರು ನಡುವಯಸ್ಸಿನಲ್ಲೇ ಹೃದಯಾಘಾತದಿಂದ ಸಾಯುತ್ತಿದ್ದಾರೆ, ಇದನ್ನು ತಡೆಯಲು ಏನಾದರೂ ಮಾಡಿ ಎಂದು ಕೇಳಿದ್ದರು.

ಉತ್ಪ್ರೇಕ್ಷೆ ಏನೂ ಇರಲಿಲ್ಲ. ಆಗ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಗಂಡಸರ ಪ್ರಮಾಣದಲ್ಲಿ ಜಗತ್ತಿಗೇ ಮೊದಲ ಸ್ಥಾನ ಫಿನ್‌ಲ್ಯಾಂಡಿನದು, ಫಿನ್‌ಲ್ಯಾಂಡಿನೊಳಗೆ ಮೊದಲ ಸ್ಥಾನ ಉತ್ತರ ಕರೇಲಿಯಾದ್ದು. 35ರಿಂದ 64 ವಯಸ್ಸಿನ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 670 ಮಂದಿ ಪ್ರತಿ ವರ್ಷ ಇದೊಂದೇ ಕಾರಣಕ್ಕೆ ಸಾಯುತ್ತಿದ್ದರು. ಪ್ರಾಂತ್ಯದ ಒಟ್ಟು ಜನಸಂಖ್ಯೆ 1,80,000ದ ಆಸುಪಾಸು. ಹಳ್ಳಿ ಹಳ್ಳಿಯಲ್ಲೂ ದುಡಿಯುವ ವಯಸ್ಸಿನ ಗಂಡನನ್ನು ಕಳೆದುಕೊಂಡ ಮನೆಗಳಿದ್ದವು.

ಮೂವತ್ತೈದು ವರ್ಷಗಳ ನಂತರ, 2006ರಲ್ಲಿ, ಅದೇ ವಯಸ್ಸಿನ ಗಂಡಸರಲ್ಲಿ ಆ ಸಂಖ್ಯೆ ಲಕ್ಷಕ್ಕೆ ನೂರರ ಹತ್ತಿರ ಬಂದಿತ್ತು. ಅಂದರೆ ಶೇ. 85ರಷ್ಟು ಇಳಿಕೆ. ಹೃದಯರೋಗ ತಡೆಗಟ್ಟುವ ಮಾತು ಬಂದಲ್ಲೆಲ್ಲ ಈ ಪ್ರಕರಣ ಎತ್ತಿಕೊಳ್ಳುವುದು ಇದಕ್ಕಾಗಿ. ಆದರೆ ಸಾಮಾನ್ಯವಾಗಿ ಹೇಳುವಾಗ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ ಎರಡನ್ನೇ ಹೇಳಿ ಮುಗಿಸಿಬಿಡುತ್ತಾರೆ. ನಡುವೆ ಏನು ನಡೆಯಿತು, ಎಲ್ಲಿ ಕೆಲಸ ನಿಂತುಹೋಯಿತು, ಆ ಮನವಿಯ ನಂತರ ಶುರುವಾದ ಹೃದಯರೋಗ ತಡೆ ಯೋಜನೆಗೆ ಇಳಿಕೆಯಲ್ಲಿ ಪಾಲೆಷ್ಟು ಎಂಬುದರ ಬಗ್ಗೆ ಜಗಳ ಏಕೆ ಎದ್ದಿತು ಎನ್ನುವುದೇ ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗ.

ಮೈಮುರಿದು ದುಡಿಯುವವರಿಗೆ ಏಕೆ?

ಹೃದಯಾಘಾತ ಎಂದರೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ, ಹೊಟ್ಟೆ ಬಂದ ಶ್ರೀಮಂತರ ಕಾಯಿಲೆ ಎಂಬ ನಂಬಿಕೆ ಆಗ ಎಲ್ಲೆಡೆ ಇತ್ತು. ಉತ್ತರ ಕರೇಲಿಯಾದಲ್ಲಿ ಸಾಯುತ್ತಿದ್ದವರು ಮರ ಕಡಿಯುವವರು, ಸಣ್ಣ ಹಿಡುವಳಿಯ ರೈತರು. ದಿನವಿಡೀ ಹಿಮದಲ್ಲಿ ಕೊಡಲಿ, ಗರಗಸ ಹಿಡಿದು ದುಡಿದ ದೇಹ ಅವರದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಏಳು ದೇಶಗಳ ಗಂಡಸರ ಮೇಲೆ ದೀರ್ಘಕಾಲದ ಅಧ್ಯಯನ ಶುರು ಮಾಡಿದಾಗ, ಫಿನ್‌ಲ್ಯಾಂಡಿನಲ್ಲಿ ಅವರ ಜೊತೆಗಾರ ಮಾರ್ಟ್ಟಿ ಕರ್ವೊನೆನ್. ಆರಿಸಿಕೊಂಡ ಜಾಗಗಳಲ್ಲಿ ಉತ್ತರ ಕರೇಲಿಯಾದ ಇಲೊಮಂಟ್ಸಿಯೂ ಒಂದು. ಎಲ್ಲ ತಂಡಗಳ ಲೆಕ್ಕ ಬಂದಾಗ ಪೂರ್ವ ಫಿನ್‌ಲ್ಯಾಂಡ್ ಮೇಲ್ತುದಿಯಲ್ಲಿತ್ತು, ಗ್ರೀಸಿನ ಕ್ರೀಟ್ ದ್ವೀಪ ಕೆಳತುದಿಯಲ್ಲಿ.

ಹಿನ್ನೆಲೆ ತಿಳಿಯಲು ಯುದ್ಧಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದಲ್ಲಿ ಫಿನ್‌ಲ್ಯಾಂಡ್ ಕರೇಲಿಯಾದ ದೊಡ್ಡ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಂದ ಎದ್ದುಬಂದವರಿಗೆ, ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ತುಂಡು ಭೂಮಿ ಕೊಟ್ಟಿತು. ಚಳಿಗಾಲ ಅಷ್ಟು ದೀರ್ಘವಾಗಿರುವಲ್ಲಿ ತರಕಾರಿ ಬೆಳೆದು ಬದುಕುವುದು ಕಷ್ಟ. ಹಸು, ಹಂದಿ ಸಾಕಿದರು. ಹಸಿವಿನ ದಿನಗಳನ್ನು ಕಂಡವರಿಗೆ ಬೆಣ್ಣೆ, ಕೆನೆಹಾಲು, ಹಂದಿಯ ಕೊಬ್ಬು ಎಂದರೆ ಕೊನೆಗೂ ಸಿಕ್ಕ ನೆಮ್ಮದಿಯ ಗುರುತು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಕರಿಯಲು ಬೆಣ್ಣೆ, ಕುಡಿಯಲು ಕೆನೆ ತೆಗೆಯದ ಹಾಲು. ಚಳಿಗಾಲಕ್ಕೆ ಮಾಂಸ, ಮೀನು ಉಪ್ಪು ಹಾಕಿ ಇಡುವ ಪದ್ಧತಿ ಹಳೆಯದೇ. ಸಿಗರೇಟು ಯುದ್ಧಭೂಮಿಯಿಂದ ಸೈನಿಕರ ಜೊತೆಗೇ ಊರಿಗೆ ಬಂತು.

ಇದನ್ನು ಬಿಡಿಸಿ ಹೇಳುತ್ತಿರುವುದು ಒಂದು ಕಾರಣಕ್ಕೆ. ಹೃದಯರೋಗದ ಮೂಲ ಕಾರಣ ಯಾವುದು ಎಂದು ಕೇಳಿದರೆ ಉತ್ತರ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ. ಆಸ್ಪತ್ರೆಗೆ ತಂದ ರೋಗಿಯ ವಿಷಯದಲ್ಲಿ ಕಾರಣ ಎಂದರೆ ಹೃದಯದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು. ಅದರ ಹಿಂದೆ ಇಪ್ಪತ್ತು ಮೂವತ್ತು ವರ್ಷ ನಾಳದ ಗೋಡೆಯಲ್ಲಿ ಬೆಳೆದ ಕೊಬ್ಬಿನ ಗಂಟು. ಅದರ ಹಿಂದೆ ರಕ್ತದಲ್ಲಿನ ಕೊಲೆಸ್ಟರಾಲ್, ರಕ್ತದೊತ್ತಡ, ಹೊಗೆ. ಅದರ ಹಿಂದೆ ಊಟದ ತಟ್ಟೆ. ತಟ್ಟೆಯ ಹಿಂದೆ ಹಾಲಿಗೆ ಯಾವ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ ಎಂಬ ಸರ್ಕಾರಿ ನಿಯಮ. ಉತ್ತರ ಕರೇಲಿಯಾದ ಯೋಜನೆ ಈ ಸರಪಳಿಯನ್ನು ಯಾವ ಕೊಂಡಿಯಲ್ಲಿ ಹಿಡಿಯಿತು ಎಂಬುದರ ಮೇಲೆಯೇ ಅದರ ಸೋಲು ಗೆಲುವು ನಿಂತಿತ್ತು ಎಂಬುದು ನನ್ನ ಅಭಿಪ್ರಾಯ.

ನಾಳದ ಒಳಗೆ

ಕೊಲೆಸ್ಟರಾಲ್ ರಕ್ತದಲ್ಲಿ ತಾನಾಗಿ ಕರಗುವುದಿಲ್ಲ. ಪ್ರೋಟೀನಿನ ಕವಚವಿರುವ ಕಣಗಳಲ್ಲಿ ಸಾಗುತ್ತದೆ. ಎಲ್‌ಡಿಎಲ್ ಎಂದು ವರದಿಯಲ್ಲಿ ಬರೆಯುವುದು ಅಂಥ ಒಂದು ಕಣ. ರಕ್ತದಲ್ಲಿ ಅದು ಹೆಚ್ಚಾಗಿದ್ದಷ್ಟೂ ನಾಳದ ಒಳಪದರ ದಾಟಿ ಗೋಡೆಯಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಸಿಕ್ಕಿಕೊಂಡದ್ದನ್ನು ಬಿಳಿ ರಕ್ತಕಣಗಳು ನುಂಗುತ್ತವೆ, ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ, ಸುತ್ತ ಉರಿಯೂತ ಶುರುವಾಗುತ್ತದೆ. ವರ್ಷಗಟ್ಟಲೆ ಇದು ನಡೆದು ಗಂಟಾಗುತ್ತದೆ, ಮೇಲೆ ಒಂದು ತೆಳು ಹೊದಿಕೆ ಬೆಳೆಯುತ್ತದೆ. ಹೊದಿಕೆ ಗಟ್ಟಿಯಾಗಿದ್ದರೆ ಗಂಟು ಇದ್ದೂ ಇಲ್ಲದಂತೆ ಇರಬಹುದು. ಅದು ಒಂದು ದಿನ ಬಿರಿದರೆ, ಒಳಗಿನ ಸರಕು ರಕ್ತಕ್ಕೆ ತಗುಲಿ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ನಿನ್ನೆಯವರೆಗೆ ಮರ ಕಡಿಯುತ್ತಿದ್ದವನು ಇವತ್ತು ಕುಸಿದು ಬೀಳುವುದು ಹೀಗೆ.

ಬೆಣ್ಣೆ, ಕೆನೆ, ಮಾಂಸದ ಜಿಡ್ಡಿನಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು ಇಲ್ಲಿ ಮಾಡುವ ಕೆಲಸ ಪರೋಕ್ಷ. ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಮೇಲಿವೆ; ಈ ಕೊಬ್ಬು ಹೆಚ್ಚಾದಾಗ ಅವುಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ರಕ್ತದೊತ್ತಡ ನಾಳದ ಗೋಡೆಯನ್ನು ಬಡಿದು ಬಡಿದು ದಣಿಸುತ್ತದೆ. ಹೊಗೆ ಎರಡು ಕೆಡುಕು ಮಾಡುತ್ತದೆ: ನಾಳದ ಒಳಪದರ ಹಾಳುಮಾಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. ಎರಡನೆಯದು ಸಿಗರೇಟು ಬಿಟ್ಟ ಸ್ವಲ್ಪ ಕಾಲದಲ್ಲೇ ಇಳಿಯತೊಡಗುವುದರಿಂದ, ಬಿಟ್ಟವರ ಅಪಾಯ ಒಂದೆರಡು ವರ್ಷದೊಳಗೇ ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಕೊಬ್ಬಿನ ಗಂಟಿನ ವಿಷಯ ಹಾಗಲ್ಲ, ಅದಕ್ಕೆ ಸಮಯ ಬೇಕು.

1972ರ ವಸಂತದಲ್ಲಿ ಯೋಜನೆ ಶುರುವಾಗುವ ಮುನ್ನ ಪ್ರಾಂತ್ಯದ ಜನರನ್ನು ಯಾದೃಚ್ಛಿಕವಾಗಿ ಆರಿಸಿ ಪರೀಕ್ಷೆ ಮಾಡಿದರು. 30ರಿಂದ 59 ವಯಸ್ಸಿನ ಗಂಡಸರಲ್ಲಿ ಶೇ. 52 ಮಂದಿ ಸಿಗರೇಟು ಸೇದುತ್ತಿದ್ದರು. ಸರಾಸರಿ ರಕ್ತದೊತ್ತಡ 149/92. ಸರಾಸರಿ ಒಟ್ಟು ಕೊಲೆಸ್ಟರಾಲ್ ಲೀಟರಿಗೆ 6.9 ಮಿಲಿಮೋಲ್, ನಮ್ಮ ಲ್ಯಾಬ್ ವರದಿಗಳ ಲೆಕ್ಕಕ್ಕೆ (ಡೆಸಿಲೀಟರಿಗೆ ಮಿಲಿಗ್ರಾಂ) ತಂದರೆ ಸುಮಾರು 267. ಇಲ್ಲಿ ಒಂದು ಕ್ಷಣ ನಿಲ್ಲಬೇಕು. 267 ಎನ್ನುವುದು ತೀರಾ ಕೆಟ್ಟ ರೋಗಿಯೊಬ್ಬನ ವರದಿಯಲ್ಲ, ಸರಾಸರಿ. ಗಂಡಸರಲ್ಲಿ ಅರ್ಧದಷ್ಟು ಮಂದಿ ಅದರ ಮೇಲಿದ್ದರು. ಹೆಂಗಸರ ಸರಾಸರಿಯೂ 6.8. ಇಂಥ ಊರಿನಲ್ಲಿ ‘ನಾನೂ ಎಲ್ಲರ ಹಾಗೇ ಇದ್ದೇನೆ’ ಎನ್ನುವುದಕ್ಕೆ ಯಾವ ಸಮಾಧಾನವೂ ಇಲ್ಲ.

ಯಾರನ್ನು ಹಿಡಿಯುವುದು?

ಯೋಜನೆಯ ಮುಂದಾಳುವಾಗಿ ಬಂದ ಪೆಕ್ಕಾ ಪುಸ್ಕಾ ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ವೈದ್ಯಕೀಯದ ಜೊತೆ ಸಮಾಜವಿಜ್ಞಾನವನ್ನೂ ಓದಿದ್ದರು, ಅದು ಮುಂದೆ ಉಪಯೋಗಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ನೆರವಿತ್ತು, ಪ್ರಾಂತ್ಯದ ಮುಖ್ಯ ಪಟ್ಟಣ ಯೊಯೆನ್ಸುವಿನಲ್ಲಿ ಕಚೇರಿ. ಎದುರಿಗಿದ್ದ ಪ್ರಶ್ನೆ: ಅತಿ ಹೆಚ್ಚು ಅಪಾಯದಲ್ಲಿರುವವರನ್ನು ಹುಡುಕಿ ಚಿಕಿತ್ಸೆ ಕೊಡಬೇಕೋ, ಇಡೀ ಜನರ ಸರಾಸರಿಯನ್ನೇ ಕೆಳಗಿಳಿಸಬೇಕೋ?

ಒಂದು ಕಲ್ಪಿತ ಲೆಕ್ಕ ಹಾಕಿ ನೋಡೋಣ. ಸಾವಿರ ಗಂಡಸರಿದ್ದಾರೆ. ಅವರಲ್ಲಿ ನೂರು ಮಂದಿಯ ಅಪಾಯ ಬಹಳ ಹೆಚ್ಚು: ಹತ್ತು ವರ್ಷದಲ್ಲಿ ನೂರಕ್ಕೆ ಹತ್ತು ಮಂದಿಗೆ ಹೃದಯಾಘಾತ. ಉಳಿದ ಒಂಬೈನೂರು ಮಂದಿಯ ಅಪಾಯ ಸಾಧಾರಣ: ನೂರಕ್ಕೆ ಮೂರು. ಮೊದಲ ಗುಂಪಿನಿಂದ ಬರುವ ಹೃದಯಾಘಾತ 10, ಎರಡನೆಯ ಗುಂಪಿನಿಂದ 27. ಹೆಚ್ಚು ಅಪಾಯದ ನೂರು ಮಂದಿಗೆ ಒಳ್ಳೆಯ ಚಿಕಿತ್ಸೆ ಕೊಟ್ಟು ಅವರ ಅಪಾಯವನ್ನು ಅರ್ಧಕ್ಕಿಳಿಸಿದರೂ ತಪ್ಪುವ ಹೃದಯಾಘಾತ 5. ಸಾವಿರ ಮಂದಿಯ ಅಪಾಯವೂ ಐದನೇ ಒಂದು ಭಾಗ ಇಳಿದರೆ ತಪ್ಪುವುದು 7ಕ್ಕಿಂತ ಹೆಚ್ಚು. ಬ್ರಿಟನ್ನಿನ ವೈದ್ಯವಿಜ್ಞಾನಿ ಜೆಫ್ರಿ ರೋಸ್ ಈ ತರ್ಕವನ್ನು 1980ರ ದಶಕದಲ್ಲಿ ಸ್ಪಷ್ಟವಾಗಿ ಬರೆದರು. ಇದರೊಳಗಿನ ಕಹಿಯನ್ನೂ ಅವರು ಮುಚ್ಚಿಡಲಿಲ್ಲ. ಊರಿಗೆ ಇಷ್ಟು ಲಾಭ ತರುವ ಬದಲಾವಣೆಯಿಂದ ಒಬ್ಬೊಬ್ಬ ಮನುಷ್ಯನಿಗೆ ಕಾಣುವ ಲಾಭ ತೀರಾ ಸಣ್ಣದು. ಬೆಣ್ಣೆ ಬಿಟ್ಟವನಿಗೆ ತಾನು ತಪ್ಪಿಸಿಕೊಂಡ ಹೃದಯಾಘಾತ ಯಾವತ್ತೂ ಕಾಣುವುದಿಲ್ಲ.

ಪುಸ್ಕಾ ತಂಡ ಎರಡನೆಯ ದಾರಿ ಹಿಡಿಯಿತು, ಆದರೆ ಮೊದಲನೆಯದನ್ನು ಕೈಬಿಡಲಿಲ್ಲ. ರಕ್ತದೊತ್ತಡದ ವಿಷಯದಲ್ಲಿ ಮೊದಲನೆಯದೇ ಬೇಕಿತ್ತು. ಬಿಪಿ ಹೆಚ್ಚಿದ್ದವರಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ತೀರಾ ಕಡಿಮೆ; ತಮಗೆ ಬಿಪಿ ಇದೆ ಎಂದು ಗೊತ್ತಿಲ್ಲದವರೇ ಬಹಳ. ಅದೃಷ್ಟಕ್ಕೆ ಅದೇ 1972ರಲ್ಲಿ ಫಿನ್‌ಲ್ಯಾಂಡ್ ಪ್ರಾಥಮಿಕ ಆರೋಗ್ಯದ ಹೊಸ ಕಾಯ್ದೆ ತಂದು ಊರೂರಿಗೆ ಆರೋಗ್ಯ ಕೇಂದ್ರ ಕಟ್ಟತೊಡಗಿತ್ತು. ಬಿಪಿ ಅಳೆಯುವ, ಹೆಚ್ಚಿದ್ದವರ ಹೆಸರು ದಾಖಲೆಗೆ ಸೇರಿಸುವ, ಮತ್ತೆ ಕರೆಸುವ ಕೆಲಸವನ್ನು ದಾದಿಯರಿಗೆ ವಹಿಸಿದರು. ಯೋಜನೆಯ ಕಥೆ ಹೇಳುವವರು ಈ ದಾದಿಯರ ದಾಖಲೆ ಪುಸ್ತಕವನ್ನು ಮರೆಯುತ್ತಾರೆ, ಹಳ್ಳಿಯ ಔತಣಗಳನ್ನು ಮಾತ್ರ ನೆನೆಯುತ್ತಾರೆ.

ಔತಣಗಳ ಕಥೆಯೂ ಚೆನ್ನಾಗಿಯೇ ಇದೆ. ಕರಪತ್ರ ಹಂಚಿದರು, ರೇಡಿಯೊದಲ್ಲಿ ಹೇಳಿದರು, ಪತ್ರಿಕೆಗಳಲ್ಲಿ ಬರೆದರು. ಏನು ತಿನ್ನಬಾರದು ಎಂದು ಹೇಳುವುದು ಸುಲಭ. ರಾತ್ರಿ ಊಟಕ್ಕೆ ಏನು ಮಾಡಲಿ ಎಂದು ಕೇಳಿದ ಹೆಂಗಸಿಗೆ ಕರಪತ್ರದಲ್ಲಿ ಉತ್ತರವಿರಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಮಾರ್ತಾ ಎಂಬ ಗೃಹಿಣಿಯರ ಸಂಘಟನೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಇದೆ, ಹಳ್ಳಿಗಳಲ್ಲಿ ಅದರ ಬೇರು ಗಟ್ಟಿ. ಅವರ ಜೊತೆ ಸೇರಿ ಹಳ್ಳಿಗಳಲ್ಲಿ ಸಂಜೆ ಕೂಟಗಳನ್ನು ಏರ್ಪಡಿಸಿದರು. ಪುಟ್ಟದೊಂದು ಭಾಷಣ, ಆಮೇಲೆ ಎಲ್ಲರೂ ಸೇರಿ ಅಡುಗೆ, ಊಟ. ಕರೇಲಿಯಾದ ಹೆಸರಾಂತ ಮಾಂಸದ ಸ್ಟ್ಯೂ ಇದೆ: ಹಂದಿ ಮಾಂಸ, ದನದ ಮಾಂಸ, ಕೊಬ್ಬು, ಉಪ್ಪು, ನೀರು, ಗಂಟೆಗಟ್ಟಲೆ ಒಲೆಯಲ್ಲಿ. ಅದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ಕೊಬ್ಬಿನ ತುಂಡುಗಳನ್ನು ತೆಗೆದು, ಮಾಂಸ ಕಡಿಮೆ ಮಾಡಿ, ಆ ಜಾಗಕ್ಕೆ ಕ್ಯಾರೆಟ್, ಆಲೂಗಡ್ಡೆ, ಅಲ್ಲಿಯದೇ ಒಂದು ಬಗೆಯ ಗೆಡ್ಡೆ ಹಾಕಿ, ಉಪ್ಪು ಇಳಿಸಿ ಬೇಯಿಸಿದರು. ತಿಂದವರಿಗೆ ರುಚಿಸಿತು. ಹೆಸರು, ಪಾತ್ರೆ, ಒಲೆ ಎಲ್ಲ ಹಳೆಯದೇ ಉಳಿದು ಒಳಗಿನ ಸರಕು ಮಾತ್ರ ಬದಲಾದ ಅಡುಗೆಯನ್ನು ಮನೆಯವರು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ.

ಹಳ್ಳಿಯಲ್ಲಿ ಮಾತಿಗೆ ಬೆಲೆಯಿರುವ ಜನರನ್ನು ಗುರುತಿಸಿ ತರಬೇತಿ ಕೊಟ್ಟದ್ದು ಇನ್ನೊಂದು ಕೆಲಸ. ಅಂಗಡಿಯವರು, ಸಂಘದ ಕಾರ್ಯದರ್ಶಿಗಳು, ಇಂಥವರು ನೂರಾರು ಮಂದಿ. ಯಾರೂ ವೈದ್ಯರಲ್ಲ. ಅಂಗಡಿಗೆ ಬಂದವರ ಜೊತೆ ಮಾತಿನ ನಡುವೆ ವಿಷಯ ಎತ್ತುವುದು, ಸಭೆಯಲ್ಲಿ ಸಿಗರೇಟು ಹಚ್ಚಿದವರಿಗೆ ಹೊರಗೆ ಹೋಗಲು ಹೇಳುವುದು, ಅಷ್ಟೇ ಅವರ ಕೆಲಸ. 1978ರ ಹೊತ್ತಿಗೆ ಟಿವಿ ಸೇರಿಕೊಂಡಿತು. ಸಿಗರೇಟು ಬಿಡಲು ಹೊರಟ ಒಂದು ಸಣ್ಣ ಗುಂಪನ್ನು ಸ್ಟುಡಿಯೋದಲ್ಲಿ ಕೂರಿಸಿ, ವಾರ ವಾರವೂ ಅವರ ಒದ್ದಾಟವನ್ನು ದೇಶಕ್ಕೆಲ್ಲ ತೋರಿಸಿದರು. ನೋಡುತ್ತಿದ್ದವರಲ್ಲೂ ಹಲವರು ಜೊತೆಗೇ ಬಿಡಲು ಪ್ರಯತ್ನಿಸಿದರು.

ಐದು ವರ್ಷ ನಿಂತುಹೋದ ಮುಳ್ಳು

1977ರ ಸಮೀಕ್ಷೆ ಬಂದಾಗ ಗಂಡಸರಲ್ಲಿ ಸೇದುವವರು ಶೇ. 44ಕ್ಕೆ, ಕೊಲೆಸ್ಟರಾಲ್ 6.5ಕ್ಕೆ ಇಳಿದಿತ್ತು. 1982ರಲ್ಲಿ ಶೇ. 36 ಮತ್ತು 6.3. ಎಲ್ಲರಿಗೂ ಖುಷಿ. 1987ರ ಸಮೀಕ್ಷೆ ಬಂತು: ಶೇ. 36, 6.3. ಐದು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಐದು ವರ್ಷ.

ತಿಳಿವಳಿಕೆಯಿಂದ, ಮನವೊಲಿಕೆಯಿಂದ ಬದಲಾಗುವವರೆಲ್ಲ ಅಷ್ಟರಲ್ಲಿ ಬದಲಾಗಿದ್ದರು. ಉಳಿದವರಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಅವರ ಸುತ್ತಲಿನ ವ್ಯವಸ್ಥೆ ಹಾಗೇ ಇತ್ತು. ರೈತನಿಗೆ ಹಾಲಿನ ದುಡ್ಡು ಸಿಗುತ್ತಿದ್ದದ್ದು ಅದರ ಕೊಬ್ಬಿನಂಶದ ಲೆಕ್ಕದಲ್ಲಿ. ಕೊಬ್ಬು ಹೆಚ್ಚಿದ್ದಷ್ಟೂ ದುಡ್ಡು ಹೆಚ್ಚು. ಆ ಕೊಬ್ಬೆಲ್ಲ ಎಲ್ಲಿಗಾದರೂ ಹೋಗಲೇಬೇಕು, ಅದು ಬೆಣ್ಣೆಯಾಗಿ ಬರುತ್ತಿತ್ತು. ಬೆಣ್ಣೆಗೆ ಸಸ್ಯದ ಎಣ್ಣೆ ಬೆರೆಸಿ ಹಗುರ ಮಾಡಿ ಮಾರಲು ಕಾನೂನಿನ ಅಡ್ಡಿಯಿತ್ತು. ಹಾಲು ಉದ್ಯಮ ಯೋಜನೆಯ ಮಾತುಗಳಿಗೆ ಎದುರಾಗಿ ಜಾಹೀರಾತು ಕೊಡುತ್ತಿತ್ತು. ಅವರನ್ನು ಖಳನಾಯಕರೆಂದು ಬರೆಯುವುದು ಸುಲಭ. ಆದರೆ ಹಸುವನ್ನೇ ನಂಬಿದ ಸಾವಿರಾರು ಸಣ್ಣ ರೈತರು ಅದೇ ಪ್ರಾಂತ್ಯದವರು. ಎದೆ ಹಿಡಿದುಕೊಂಡು ಸಾಯುತ್ತಿದ್ದವರೂ ಅವರೇ. ಅವರ ಅನ್ನಕ್ಕೆ ಕಲ್ಲು ಹಾಕಿ ಅವರ ಹೃದಯ ಉಳಿಸುತ್ತೇವೆ ಎಂದರೆ ಯಾರು ಒಪ್ಪುತ್ತಾರೆ?

1980ರ ದಶಕದ ಮಧ್ಯದಿಂದ ಮುಂದಿನ ಕೆಲಸ ಈ ಮಟ್ಟದಲ್ಲಿ ನಡೆಯಿತು. ಉತ್ತರ ಕರೇಲಿಯಾದ ಕಾಡು, ಹೊಲದ ಅಂಚುಗಳಲ್ಲಿ ಬೆರ್ರಿ ಹಣ್ಣುಗಳು ಯಥೇಚ್ಛ: ಬಿಲ್‌ಬೆರ್ರಿ, ಲಿಂಗನ್‌ಬೆರ್ರಿ, ಕಪ್ಪು ಕರಂಟ್. ಹಾಲಿನಿಂದ ಬೆರ್ರಿ ಬೆಳೆಗೆ ಹೊರಳಲು ರೈತರಿಗೆ ನೆರವು ಕೊಡುವ, ಹಣ್ಣನ್ನು ಶೈತ್ಯದಲ್ಲಿಟ್ಟು ವರ್ಷವಿಡೀ ಮಾರುವ ಯೋಜನೆ ಶುರುವಾಯಿತು. ಚಳಿಯ ದೇಶದಲ್ಲೂ ಬೆಳೆಯುವ, ಸಾಸಿವೆ ಜಾತಿಯ ರೇಪ್‌ಸೀಡ್ ತಳಿಗಳಿಂದ ದೇಶೀಯ ಅಡುಗೆ ಎಣ್ಣೆ ಸಿಗತೊಡಗಿತು. ರೈತನಿಗೆ ಬೆಣ್ಣೆಯ ಬದಲು ಎಣ್ಣೆಯೂ ಒಂದು ಬೆಳೆಯಾಯಿತು. ಬೆರಕೆಯ ಮೇಲಿನ ಕಾನೂನಿನ ಅಡ್ಡಿ ಸರಿಯಿತು, ಹಾಲಿನ ಬೆಲೆಯಲ್ಲಿ ಕೊಬ್ಬಿನ ತೂಕ ಇಳಿದು ಪ್ರೋಟೀನಿನ ತೂಕ ಏರಿತು. ಸಾಸೇಜ್ ಮಾಡುವವರು ಕೊಬ್ಬು, ಉಪ್ಪು ಇಳಿಸಿದರು. ಕೊಬ್ಬಿನ ಜಾಗಕ್ಕೆ ಅಣಬೆ ಹಾಕಿದ ಸಾಸೇಜೂ ಬಂತು. 1990ರ ದಶಕದಲ್ಲಿ ಉಪ್ಪು ಹೆಚ್ಚಿರುವ ತಿನಿಸಿನ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕೆಂಬ ನಿಯಮ ಬಂತು. ತಂಬಾಕು ಕಾಯ್ದೆ 1976ರಲ್ಲೇ ಜಾಹೀರಾತಿಗೆ ತಡೆ ಹಾಕಿತ್ತು. 1995ರ ತಿದ್ದುಪಡಿ ಕೆಲಸದ ಜಾಗಗಳಿಂದ ಹೊಗೆಯನ್ನು ಹೊರಹಾಕಿತು.

ಮೋಜಿನ ಪ್ರಯೋಗಗಳೂ ಇದ್ದವು. ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟರಾಲ್ ಇಳಿಸುವ ಸ್ಪರ್ಧೆ: ಮೊದಲು ಎಲ್ಲರ ರಕ್ತ ಪರೀಕ್ಷೆ, ಕೆಲವು ವಾರಗಳ ನಂತರ ಮತ್ತೆ ಪರೀಕ್ಷೆ, ಯಾವ ಹಳ್ಳಿಯ ಸರಾಸರಿ ಹೆಚ್ಚು ಇಳಿದಿದೆಯೋ ಅದಕ್ಕೆ ಬಹುಮಾನ. ಬೆಣ್ಣೆ ಬಿಡದ ಗಂಡನಿಗೆ ಈಗ ಹೆಂಡತಿಯ ಜೊತೆ ಪಕ್ಕದ ಮನೆಯವನೂ ಬೈಯತೊಡಗಿದ.

ಇನ್ನು ಕಾಫಿ. ಇದನ್ನು ಯಾರೂ ಯೋಜನೆಯಲ್ಲಿ ಬರೆದಿಟ್ಟಿರಲಿಲ್ಲ. ಫಿನ್‌ಲ್ಯಾಂಡಿನವರು ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನವರು. ಹಿಂದೆ ಪುಡಿಯನ್ನು ನೀರಿನಲ್ಲೇ ಕುದಿಸಿ, ತಳಕ್ಕೆ ಕೂತ ಮೇಲೆ ಬಗ್ಗಿಸಿ ಕುಡಿಯುತ್ತಿದ್ದರು. ಕಾಫಿ ಬೀಜದಲ್ಲಿ ಕ್ಯಾಫೆಸ್ಟಾಲ್ ಎಂಬ ಜಿಡ್ಡಿನ ಅಂಶವಿದೆ, ಅದು ಕೊಲೆಸ್ಟರಾಲ್ ಏರಿಸುತ್ತದೆ. ಕುದಿಸಿದ ಕಾಫಿಯಲ್ಲಿ ಅದು ಲೋಟಕ್ಕೆ ಬರುತ್ತದೆ. ಕಾಗದದ ಫಿಲ್ಟರ್ ಹಾಕಿ ಇಳಿಸಿದರೆ ಹೆಚ್ಚಿನ ಪಾಲು ಕಾಗದದಲ್ಲೇ ಉಳಿಯುತ್ತದೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮನೆ ಮನೆಗೆ ಫಿಲ್ಟರ್ ಯಂತ್ರ ಬಂದದ್ದು ಅನುಕೂಲಕ್ಕಾಗಿ, ಆರೋಗ್ಯಕ್ಕಾಗಿ ಅಲ್ಲ. ಆದರೂ ಕೊಲೆಸ್ಟರಾಲ್ ಇಳಿಕೆಯಲ್ಲಿ ಅದಕ್ಕೂ ಒಂದು ಪಾಲಿದೆ.

1992ರ ಸಮೀಕ್ಷೆಯಲ್ಲಿ ಮುಳ್ಳು ಮತ್ತೆ ಕದಲಿತು: ಗಂಡಸರ ಕೊಲೆಸ್ಟರಾಲ್ 5.9. 1997ರಲ್ಲಿ 5.7. 2007ರಲ್ಲಿ 5.4, ಅಂದರೆ ನಮ್ಮ ಲೆಕ್ಕದಲ್ಲಿ 209ರ ಹತ್ತಿರ. ರಕ್ತದೊತ್ತಡ 138/83, ಸೇದುವವರು ಶೇ. 31. ಹಿಂದೆ ಹತ್ತರಲ್ಲಿ ಒಂಬತ್ತು ಮಂದಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಪ್ರಾಂತ್ಯದಲ್ಲಿ ಬೆಣ್ಣೆಯೇ ಬೇಕೆನ್ನುವವರು ತೀರಾ ಕಡಿಮೆಯಾಗಿದ್ದರು.

ಆದರೆ ಯೋಜನೆಯಿಂದಲೇ ಆಯಿತೇ?

ಯೋಜನೆಯ ವಿಮರ್ಶಕರ ಪ್ರಶ್ನೆ ಸಣ್ಣದಲ್ಲ. ಹೋಲಿಕೆಗೆಂದು ಪಕ್ಕದ ಕುವೊಪಿಯೊ ಪ್ರಾಂತ್ಯವನ್ನು ಇಟ್ಟುಕೊಂಡಿದ್ದರು. ಅಲ್ಲೂ ಕೊಲೆಸ್ಟರಾಲ್, ಬಿಪಿ, ಸಾವು ಎಲ್ಲ ಇಳಿದವು. ದೇಶದ ಉಳಿದ ಭಾಗದಲ್ಲೂ ಇಳಿದವು. 1969ರಿಂದ 1979ರ ನಡುವೆ ಗಂಡಸರಲ್ಲಿ ಉತ್ತರ ಕರೇಲಿಯಾದ ಇಳಿಕೆ ಸುಮಾರು ಶೇ. 24, ಕುವೊಪಿಯೊದಲ್ಲಿ ಸುಮಾರು ಶೇ. 12, ಉಳಿದ ದೇಶದಲ್ಲಿ ಸುಮಾರು ಶೇ. 11. ಮೊದಲ ದಶಕದಲ್ಲಿ ಅಂತರ ಎದ್ದು ಕಾಣುತ್ತಿತ್ತು. ಆಮೇಲೆ ಉಳಿದ ಭಾಗವೂ ವೇಗ ಹಿಡಿದು ಅಂತರ ಮುಚ್ಚಿಬಂತು. ಹಾಗಾದರೆ ಇದು ಯೋಜನೆಯ ಫಲವೋ, ಕಾಲದ ಗತಿಯೋ?

ಎರಡು ಪ್ರಾಂತ್ಯ ಹೋಲಿಸಿ ಇದಕ್ಕೆ ಖಚಿತ ಉತ್ತರ ಕೊಡಲಾಗದು. ಯೊಯೆನ್ಸುವಿನಲ್ಲಿ ನಡೆದದ್ದನ್ನು ದೇಶದ ಪತ್ರಿಕೆಗಳು, ಟಿವಿ ಎಲ್ಲರಿಗೂ ಮುಟ್ಟಿಸುತ್ತಿದ್ದವು. ಕುವೊಪಿಯೊದ ಜನ ಕಿವಿ ಮುಚ್ಚಿಕೊಂಡು ಕೂತಿರಲಿಲ್ಲ. 1977ರ ನಂತರ ಯೋಜನೆಯ ಪಾಠಗಳನ್ನು ದೇಶಕ್ಕೆಲ್ಲ ಬೇಕೆಂದೇ ಹರಡಿದರು. ಒಂದು ಪ್ರಾಂತ್ಯದ ಹೆಸರಿಗೆ ಎಲ್ಲ ಕೀರ್ತಿ ಕೊಡುವುದು ಸರಿಯಲ್ಲ ಎಂಬ ವಿಮರ್ಶಕರ ಮಾತನ್ನು ನಾನು ಒಪ್ಪುತ್ತೇನೆ.

ಆದರೆ ಅಪಾಯದ ಕಾರಣಗಳು ಇಳಿದದ್ದರಿಂದ ಸಾವು ಇಳಿಯಿತೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಹೆಚ್ಚು ಗಟ್ಟಿಯಾಗಿದೆ. ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನ ಇಷ್ಟು ಇಳಿದರೆ ಸಾವು ಎಷ್ಟು ಇಳಿಯಬೇಕು ಎಂದು ಮೊದಲೇ ಲೆಕ್ಕ ಹಾಕಿ, ನಿಜವಾಗಿ ಇಳಿದದ್ದರ ಜೊತೆ ಹೋಲಿಸಿದ್ದಾರೆ. ನಲವತ್ತು ವರ್ಷದ ಒಟ್ಟು ಇಳಿಕೆಯಲ್ಲಿ ಮೂರನೇ ಎರಡು ಭಾಗ ಈ ಮೂರರಿಂದಲೇ ವಿವರಿಸಬಹುದು. ಕೊಲೆಸ್ಟರಾಲ್‌ನ ಪಾಲು ಅದರಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊದಲ ಹತ್ತು ವರ್ಷದಲ್ಲಂತೂ ಇಳಿಕೆ ಹೆಚ್ಚುಕಡಿಮೆ ಪೂರ್ತಿ ಇವುಗಳದ್ದೇ. ಕಾಲಾನುಕ್ರಮವೂ ಇದಕ್ಕೆ ಹೊಂದುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದರಿಂದ ಹೃದ್ರೋಗಿಗಳ ಸಾವು ಇಳಿಯುತ್ತದೆ ಎಂದು ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗ ತೋರಿಸಿದ್ದು 1994ರಲ್ಲಿ. ಅಷ್ಟರಲ್ಲಿ ಉತ್ತರ ಕರೇಲಿಯಾದ ಸಾವು ಅರ್ಧಕ್ಕಿಂತ ಕೆಳಗೆ ಬಂದಾಗಿತ್ತು. ಮಾತ್ರೆ, ಸ್ಟೆಂಟ್, ಬೈಪಾಸ್‌ಗಳ ಪಾಲು ಬರುಬರುತ್ತಾ ಹೆಚ್ಚಿತು. ಅದನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ.

ವಂಶವಾಹಿಯ ಮಾತು ಬಿಟ್ಟರೆ ಈ ವರದಿ ಅಪೂರ್ಣ. ಪೂರ್ವ ಫಿನ್‌ಲ್ಯಾಂಡಿನವರ ರಕ್ತದಲ್ಲೇ ಈ ಕಾಯಿಲೆ ಇದೆ ಎಂದು ಹಿಂದೆ ಹೇಳುತ್ತಿದ್ದರು. ಒಂದು ಸಣ್ಣ ಗುಂಪಿನ ಮಟ್ಟಿಗೆ ಅದು ನಿಜ. ಎಲ್‌ಡಿಎಲ್ ಗ್ರಾಹಕವನ್ನೇ ಕೆಡಿಸುವ ಒಂದು ವಂಶವಾಹಿ ದೋಷಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ‘ಎಫ್‌ಎಚ್ ಉತ್ತರ ಕರೇಲಿಯಾ’; ಎಫ್‌ಎಚ್ ಎಂದರೆ ವಂಶದಿಂದ ಬರುವ ಅಧಿಕ ಕೊಲೆಸ್ಟರಾಲ್. ಅದನ್ನು ಪಡೆದು ಹುಟ್ಟಿದ ಮಗುವಿಗೆ ಮೊದಲಿನಿಂದಲೇ ಎಲ್‌ಡಿಎಲ್ ಹೆಚ್ಚು. ಅವರಿಗೆ ಎಣ್ಣೆ ಬದಲಿಸಿದರೆ ಸಾಲದು. ಮನೆಯವರ ರಕ್ತ ಪರೀಕ್ಷೆ ಮಾಡಿಸಬೇಕು, ಚಿಕ್ಕ ವಯಸ್ಸಿನಿಂದಲೇ ಮಾತ್ರೆ ಬೇಕು. ಆದರೆ ಪ್ರಾಂತ್ಯದ ಜನರ ವಂಶವಾಹಿ ಮೂವತ್ತೈದು ವರ್ಷದಲ್ಲಿ ಬದಲಾಗುವುದಿಲ್ಲ, ಸಾವು ಶೇ. 85 ಇಳಿಯಿತು. ಇಡೀ ಊರಿನ ಕಾಯಿಲೆಗೆ ವಂಶವನ್ನು ದೂರುವ ವಾದ ಇಲ್ಲಿಗೆ ನಿಲ್ಲುತ್ತದೆ. ಹಾಗೆಂದು ಪೂರ್ವ ಪಶ್ಚಿಮಗಳ ಅಂತರ ಪೂರ್ತಿ ಹೋಗಿಲ್ಲ. ಪೂರ್ವದಲ್ಲಿ ಸಾವು ಇಂದಿಗೂ ಪಶ್ಚಿಮಕ್ಕಿಂತ ಹೆಚ್ಚು.

ಕೈಗೆ ಸಿಗದೆ ಹೋದವೂ ಕೆಲವಿವೆ. 1972ರಲ್ಲಿ ಹತ್ತರಲ್ಲಿ ಒಬ್ಬ ಹೆಂಗಸು ಸಿಗರೇಟು ಸೇದುತ್ತಿದ್ದಳು; 2007ರ ಹೊತ್ತಿಗೆ ಆ ಪ್ರಮಾಣ ಶೇ. 18ರ ಹತ್ತಿರ. ಗಂಡಸರ ಮೇಲೆ ಕಣ್ಣಿಟ್ಟು ಕೂತಿದ್ದವರಿಗೆ ಇದು ಹೊಡೆತ. ಕಾಡಿನ ಕೆಲಸ ಯಂತ್ರಗಳಿಗೆ ಹೋಯಿತು, ಮೈತೂಕ ಏರುತ್ತಾ ಬಂತು. ತೂಕದ ಜೊತೆ ಸಕ್ಕರೆ ಕಾಯಿಲೆಯೂ. ಬೆಣ್ಣೆಯ ಊಟದ ಕಾಲದಲ್ಲಿ ಮರ ಕಡಿಯುತ್ತಾ ಸಣ್ಣಗಿದ್ದವರ ಮಕ್ಕಳು ಎಣ್ಣೆಯ ಊಟದಲ್ಲಿ ದಪ್ಪಗಾದರು.

ಯೋಜನೆ ಅಧಿಕೃತವಾಗಿ ಮುಗಿದದ್ದು 1997ರಲ್ಲಿ, ಆದರೆ ಐದು ವರ್ಷಕ್ಕೊಮ್ಮೆ ಮಾಡುವ ಸಮೀಕ್ಷೆಯನ್ನು ನಿಲ್ಲಿಸಲಿಲ್ಲ. 2012ರ ಸಮೀಕ್ಷೆಯಲ್ಲಿ ಸರಾಸರಿ ಕೊಲೆಸ್ಟರಾಲ್ ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಮೇಲಕ್ಕೆ ಹೋಗಿತ್ತು. ಅಷ್ಟರಲ್ಲಿ ದೇಶದಲ್ಲಿ ಅನ್ನ, ಬ್ರೆಡ್ಡು ಬಿಟ್ಟು ಕೊಬ್ಬು ತಿನ್ನುವ ಪಥ್ಯದ ಗಾಳಿ ಬೀಸಿತ್ತು, ಬೆಣ್ಣೆ ಮತ್ತೆ ಊಟದ ಮೇಜಿಗೆ ಬಂದಿತ್ತು. ಏರಿಕೆ ಸಣ್ಣದು. ಹೃದಯಾಘಾತದ ಲೆಕ್ಕದಲ್ಲಿ ಅದು ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ರಕ್ತ ಪರೀಕ್ಷೆಯಲ್ಲಿ ಕಂಡದ್ದರಿಂದ ಆರೋಗ್ಯ ಇಲಾಖೆಗೆ ಅಷ್ಟು ಮುಂಚೆಯೇ ತಿಳಿಯಿತು.